ಜುಟ್ಟಿನ ಕೋಳಿಯೂ ಹಸಿರು ಸೀರೆಯೂ

"ವೈನಿ, ಕಣ್ಣು ಮುಚ್ಕೋರಿ! ನಾ ಹೇಳೂತನಕ ತೆರೀಬ್ಯಾಡ್ರಿ!"

ನೀಲಗಂಗವ್ವ ಕಣ್ಣು ಮುಚ್ಚಲಿಲ್ಲ. ಮುಚ್ಚಲು ಅವಳಿಗೆ ಪುರುಸೊತ್ತಾದರೂ ಎಲ್ಲಿತ್ತು? ಬಸುರಿ ಮಗಳಿಗೆ ಹಸಿರು ಉಡಿಸಿ ಉಡಿ ತುಂಬುವ ಕುಬಸಕ್ಕೆ ಮೂರೇ ದಿನ. ಮಗ್ಗದ ಮೇಲಿನ ಹಸಿರು ಸೀರೆ ಇನ್ನೂ ಒಂದು ಮೊಳ ಬಾಕಿ. ಹೋಳಿಗೆಯ ಬೇಳೆ ಆರಿಸಿಲ್ಲ, ಅಂಗಳ ಸಾರಿಸಿಲ್ಲ, ಬೇಳೆ ಬೇಯಿಸುವ ಕುಕ್ಕರ್ ಅಂತೂ ನಿನ್ನೆಯಿಂದ ನಾಪತ್ತೆ. ಇಂಥ ಹೊತ್ತಿನಲ್ಲಿ ಮೈದುನ ಈರಭದ್ರಪ್ಪ ಹಿತ್ತಲಿಗೆ ಕರೆದು ಕಣ್ಣು ಮುಚ್ಚು ಅಂದರೆ!

"ಈರಭದ್ರಾ, ಅದು ನನ್ನ ಕುಕ್ಕರ್!"

"ಕುಕ್ಕರ್ ಅಲ್ರಿ ವೈನಿ. ಈಗ ಅದು ವರ್ಣಯಂತ್ರದ ಹೊಟ್ಟಿ!"

ಆ ಹೊಟ್ಟೆಯ ಮೇಲೆ ಹಳೆಯ ಟಿವಿಯ ಡಿಶ್ಶು ಕೂತಿತ್ತು. ಪಕ್ಕದಲ್ಲಿ ಮಿಕ್ಸರಿನ ಮೋಟಾರು, ಮುಂದೆ ಸ್ಕೂಟರಿನ ಹೆಡ್‌ಲೈಟು, ಅದರೆದುರಿಗೆ ಒಂದು ಬೆತ್ತದ ಬುಟ್ಟಿ. ಬುಟ್ಟಿಯೊಳಗಿನಿಂದ ಬೂದಿ ಬಣ್ಣದ ಕೋಳಿಯೊಂದು, ತನಗೂ ಈ ಮನೆಯವರಿಗೂ ಸಂಬಂಧವೇ ಇಲ್ಲವೆಂಬಂತೆ ನೋಡುತ್ತಿತ್ತು.

ಇಳಕಲ್ಲಿನಲ್ಲಿ ನೂಲಿಗೆ ಬಣ್ಣ ಹಾಕುವುದರಲ್ಲಿ ಈರಭದ್ರಪ್ಪನನ್ನು ಮೀರಿಸುವವರಿಲ್ಲ. ಆದರೆ ಅವನ ಜೀವವೆಲ್ಲ ಇದ್ದದ್ದು ಜುಟ್ಟಿನ ಕೋಳಿಗಳ ಮೇಲೆ. ತಲೆಯ ಮೇಲೆ ಸೇವಂತಿಗೆ ಅರಳಿದಂತೆ ಗರಿಯ ಗುಪ್ಪೆ ಹೊತ್ತು ತಿರುಗುವ ಹನ್ನೊಂದು ಕೋಳಿಗಳು! ಆ ಮನೆಯಲ್ಲಿ ಮೊಟ್ಟೆಯನ್ನೂ ಯಾರೂ ಮುಟ್ಟುವುದಿಲ್ಲ. ತಿನ್ನುವುದಿಲ್ಲ, ಮಾರುವುದಿಲ್ಲ, ಮತ್ತೇಕೆ ಸಾಕುತ್ತೀ ಎಂದು ಕೇಳಿದವರಿಗೆ ಅವನು "ಚಂದಕ್ಕ!" ಎಂದು ಉತ್ತರಿಸಿ ಮುಖ ತಿರುಗಿಸುತ್ತಿದ್ದ. ಚೆಂದ ಮಾತ್ರ ಅವನ ಮಾತು ಕೇಳುತ್ತಿರಲಿಲ್ಲ. ಕಪ್ಪು ಹುಂಜಕ್ಕೆ ಚುಕ್ಕೆಬಿಳಿ ಹೇಂಟೆ ಜೋಡಿ ಮಾಡಿದರೆ ಮರಿಗಳೆಲ್ಲ ಬೂದಿ. ಬೂದಿಗೆ ಬೂದಿ ಜೋಡಿ ಮಾಡಿದರೆ ಅರ್ಧ ಬೂದಿ, ಉಳಿದರ್ಧದಲ್ಲಿ ಮತ್ತೆ ಅದೇ ಕಪ್ಪು, ಅದೇ ಚುಕ್ಕೆ. ಆರು ವರ್ಷ ಹೀಗೇ ಕಳೆದಿತ್ತು. ನೂಲನ್ನು ಕುದಿವ ಹಂಡೆಗೆ ಅದ್ದಿ ಒಂದು ಗಂಟೆಯಲ್ಲಿ ಬೇಕಾದ ಬಣ್ಣ ತೆಗೆಯುವ ಮನುಷ್ಯ ಎಷ್ಟೆಂದು ಕಾದಾನು?

"ನೋಡ್ರಿ ಈಗ!" ಎಂದು ಅವನು ಸ್ವಿಚ್ಚು ಒತ್ತಿದ.

ಕುಕ್ಕರ್ ಮೂರು ಸಲ ಸೀಟಿ ಹೊಡೆಯಿತು. ಹೆಡ್‌ಲೈಟು ಝಗ್ಗೆಂದಿತು. ಬುಟ್ಟಿಯಿಂದ ಹೊರಬಿದ್ದ ಕೋಳಿಯ ಮೈ ಗುಲಾಬಿ, ಜುಟ್ಟು ಕೆಂಪು, ಬಾಲದ ತುದಿ ಕಪ್ಪು!

"ಅಯ್ಯ, ಎಷ್ಟ ಚಂದ ಆತೋ!" ಎಂದು ನೀಲಗಂಗವ್ವ ಬಾಯಿಬಿಟ್ಟಳು. ನಿಜಕ್ಕೂ ಚೆಂದವಿತ್ತು. ಅವಳು ಚೆಂದಕ್ಕೆ ಸುಳ್ಳು ಹೇಳುವ ಹೆಂಗಸಲ್ಲ.

ಆದರೆ ಅಷ್ಟರಲ್ಲಿ ಅಡುಗೆಮನೆಯಿಂದ ಅವಳ ಗಂಡ ಮಲ್ಲೇಶಪ್ಪನ ಕೂಗು ಕೇಳಿಸಿತು. ಓಡಿ ಬಂದು ನೋಡಿದರೆ ಅವನು ನೀರಿನ ಬಿಂದಿಗೆಗೆ ಬಾಯಿ ಹಚ್ಚಿ ಗಟಗಟ ಕುಡಿಯುತ್ತಿದ್ದ. ಸಕ್ಕರೆ ಪುಡಿಯೆಂದು ತಿಳಿದು ಹಾಲಿಗೆ ಎರಡು ಚಮಚ ಹಾಕಿಕೊಂಡಿದ್ದನಂತೆ. ಅದು ಖಾರದ ಪುಡಿ! ಬಣ್ಣ ಹೋಗಿ ಬೆಳ್ಳಗಾಗಿತ್ತು, ಖಾರ ಮಾತ್ರ ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಗೋಡೆಯ ಕ್ಯಾಲೆಂಡರಿನ ಗುಲಾಬಿ ಹೂಗಳೂ ಬೆಳ್ಳಗೆ. ಅದಕ್ಕಿಂತ ಹೆಚ್ಚಾಗಿ, ಹುಟ್ಟಿದಾಗಿನಿಂದ ಕಪ್ಪೇ ಎಂದು ಊರಿಗೆಲ್ಲ ನಂಬಿಸಿದ್ದ ಮಲ್ಲೇಶಪ್ಪನ ಮೀಸೆ ಹತ್ತಿಯ ಎಳೆಯಂತಾಗಿತ್ತು!

ಈರಭದ್ರಪ್ಪ ತಲೆ ಕೆರೆದುಕೊಂಡ. "ಹಂಗಂದ್ರ ಯಂತ್ರ ಬಣ್ಣ ಹುಟ್ಟಸೂದಿಲ್ಲ ವೈನಿ. ಇದ್ದ ಬಣ್ಣದ ಜಾಗಾ ಬದಲಸ್ತೈತಿ. ಡಿಶ್ ಅಡಗಿ ಮನಿ ಕಡೆ ಇತ್ತು ನೋಡ್ರಿ."

"ಇನ್ನೊಮ್ಮಿ ನನ್ನ ಅಡಗಿ ಮನಿ ಕಡೆ ತಿರುಗಿಸಿದ್ಯೋ, ನಿನ್ನ ಜುಟ್ಟಾನೂ ಕಿತ್ತ ಬುಟ್ಟ್ಯಾಗ ಇಡ್ತೀನಿ!" ಎಂದು ನೀಲಗಂಗವ್ವ ಕುಕ್ಕರನ್ನು ಬಿಚ್ಚಿಕೊಂಡು ಹೋದಳು.

ಮಗ್ಗಕ್ಕೆ ಕೂತರೂ ಅವಳ ಜೀವ ಸಮಾಧಾನಕ್ಕೆ ಬರಲಿಲ್ಲ. ಲಾಳಿ ಎಸೆಯುವುದು, ಎದ್ದು ಹಿತ್ತಲು ನೋಡುವುದು, ಮತ್ತೆ ಕೂಡುವುದು. ಇದು ಎಲ್ಲ ಸೀರೆಗಳಂತಲ್ಲ. ಮಗಳು ದಾಕ್ಷಾಯಣಿ ಗುಳೇದಗುಡ್ಡದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಒಂದು ಕೈಯಲ್ಲಿ ಸುಣ್ಣದ ಕಡ್ಡಿ, ಇನ್ನೊಂದರಲ್ಲಿ ಪುಸ್ತಕ ಹಿಡಿದವಳ ಸೆರಗು ತಲೆಯ ಮೇಲೆ ನಿಲ್ಲುವುದಾದರೂ ಹೇಗೆ? ಆದರೆ ಅವಳ ಅತ್ತೆ ಬಾಳವ್ವ ತಪ್ಪನ್ನು ಸೊಸೆಯ ಮೇಲೆ ಹಾಕಿರಲಿಲ್ಲ. ನಾಲ್ಕು ಜನರೆದುರು, "ಪಾಪ, ಹುಡುಗೀದೇನ್ ತಪ್ಪೈತಿ? ಅವರವ್ವ ನೇದ ಸೆರಗ ಹಂಗ, ತಲಿ ಮ್ಯಾಲೆ ನಿಂದ್ರೂದಿಲ್ಲ" ಎಂದಿದ್ದಳು. ಮೂವತ್ತು ವರ್ಷ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತವಳ ಕೈಗೆ ಅಂದ ಮಾತು! ನೀಲಗಂಗವ್ವನಿಗೆ ಅದು ಮೂರು ವರ್ಷದಿಂದ ಎದೆಯಲ್ಲಿ ಚುಚ್ಚುತ್ತಿತ್ತು. ಅದಕ್ಕೇ ಈ ಸೀರೆಗೆ ಹಸಿರು ಒಡಲು, ಕೆಂಪು ದಡಿ, ಕೆಂಪು ಬಿಳಿ ಹಲ್ಲುಗಳ ಟೋಪ ತೆನಿ ಸೆರಗು ಇಟ್ಟು, ಒಂದೊಂದು ಎಳೆಯನ್ನೂ ಬಿಗಿದು ನೇಯುತ್ತಿದ್ದಳು. ಈ ಸೆರಗು ನಿಲ್ಲಬೇಕು, ಬಾಳವ್ವ ನೋಡಬೇಕು!

ಕುಬಸದ ದಿನ ಬೆಳಿಗ್ಗೆ ಸೀರೆ ಸಿದ್ಧವಾಗಿ, ಮಡಿಕೆ ಹಾಕಿಸಿಕೊಂಡು ಮಗ್ಗದ ಮೇಲೆ ಕೂತಿತು. ದಾಕ್ಷಾಯಣಿ ತಲೆಗೆ ಎರೆದುಕೊಂಡು ಬಂದಳು. ಬೀಗರು ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆಂದು ಫೋನೂ ಬಂತು. ನೀಲಗಂಗವ್ವ ಹೋಳಿಗೆ ಹಂಚಿನ ಮುಂದಿನಿಂದ ಎದ್ದು ಸೀರೆ ತರಲು ಹೋದಳು, ಹೋದವಳು ಅದನ್ನೆತ್ತಿ ಬೆಳಕಿಗೆ ಹಿಡಿದಳು.

ಸೀರೆ ಬಿಳಿ! ಒಡಲು ಬಿಳಿ, ದಡಿ ಬಿಳಿ, ಸೆರಗು ಬಿಳಿ. ಕುಬಸದ ದಿನ ಬಸುರಿಗೆ ಉಡಿಸುವ ಬಣ್ಣವೇ ಅದು?

"ಈರಭದ್ರಾ!"

"ವೈನಿ, ಬರ್ರಿ, ಚುಕ್ಕೀನ ನೋಡ್ರಿ!" ಹಿತ್ತಲಿನಿಂದ ಸಂಭ್ರಮದ ಉತ್ತರ ಬಂತು.

ಚುಕ್ಕಿ ಅವನ ಪ್ರೀತಿಯ ಹೇಂಟೆ. ಅದರ ಜುಟ್ಟು ಇಡೀ ಹಿತ್ತಲಿಗೇ ದೊಡ್ಡದು. ಹೊಸಬರು ಕಂಡರೆ ಸಾಕು, ಆ ಜುಟ್ಟು ನೆಟ್ಟಗೆ ಎದ್ದು ನಿಲ್ಲುತ್ತಿತ್ತು. ಗುಂಡಗಿದ್ದದ್ದು ಏನು ಸಿಕ್ಕರೂ, ಈರುಳ್ಳಿಯಾಗಲಿ, ನೂಲಿನ ಉಂಡೆಯಾಗಲಿ, ಕಾವು ಕೂಡುವುದು ಅದರ ಚಟ. ಒಮ್ಮೆ ಕೂತರೆ ಇಪ್ಪತ್ತೊಂದು ದಿನ ಯಾರಪ್ಪ ಎಬ್ಬಿಸಿದರೂ ಏಳುತ್ತಿರಲಿಲ್ಲ. ಈಗ ಆ ಚುಕ್ಕಿ ಹಿತ್ತಲ ಕಟ್ಟೆಯ ಮೇಲೆ ಮದುವಣಗಿತ್ತಿಯಂತೆ ನಿಂತಿತ್ತು. ಹಸಿರು ಮೈ, ರೆಕ್ಕೆಯಂಚಿಗೆ ಕೆಂಪು ದಡಿ, ಜುಟ್ಟಿನಲ್ಲಿ ಎಣಿಸಿ ಇಟ್ಟಂತೆ ಕೆಂಪು ಬಿಳಿ ಟೋಪ ತೆನಿ!

"ಯಾರ್ ಹೇಳಿದ್ರೋ ನಿನಗ? ಡಿಶ್ ಎಲ್ಲಿ ತಿರುಗಿಸೀ?"

"ಅಡಗಿ ಮನಿ ಕಡೆ ಬ್ಯಾಡಂದ್ರೆಲ್ಲ ವೈನಿ? ನಿಮ್ಮ ಮಾತು ಮೀರ್ತೀನೇನು? ಬ್ಯಾಳಿ ಬೆಂದ ಮ್ಯಾಲೆ ಕುಕ್ಕರ್ ತಂದು, ಈ ಕಡೆ ತಿರುಗಿಸೀನಿ."

ಈ ಕಡೆ ಎಂದರೆ ಮಗ್ಗದ ಕೋಣೆ. ನೀಲಗಂಗವ್ವ ಬಿಳಿ ಸೀರೆಯನ್ನು ಅವನ ಮುಖದ ಮುಂದೆ ಹಿಡಿದಳು. ಬೈಯಲು ಹೋದವಳಿಗೆ ಅಳುವೇ ಬಂತು. "ಮೂರು ವರ್ಷದ ಮಾತಿಗೆ ಉತ್ತರ ನೇದಿದ್ನೋ ಈರಭದ್ರಾ! ಅಕೀ ಮುಂದ ನಾ ಏನ್ ತೋರಿಸ್ಲಿ?"

ಈರಭದ್ರಪ್ಪನ ಮುಖ ಸಣ್ಣಗಾಯಿತು. ಆ ಹಸಿರು ಅವನೇ ಹಾಕಿದ್ದು, ಅಣ್ಣನ ಮಗಳಿಗೆಂದು ಮೂರು ಸಲ ಅದ್ದಿ ತೆಗೆದ ಹಸಿರು. "ಮೋಟಾರಿನ ವೈರ್ ಅದಲು ಬದಲು ಮಾಡಿದ್ರ ಬಣ್ಣ ವಾಪಸ್ ಬರಬೇಕು" ಎಂದ. "ಬರ್ತೈತೇನು?" "ಬರಬೇಕು." "ಮೊದಲ ಹಿಡಿ ಅದನ್ನ!"

ಹಿಡಿಯುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಚುಕ್ಕಿ ಕಟ್ಟೆಯಿಂದ ಮಾಳಿಗೆಗೆ, ಮಾಳಿಗೆಯಿಂದ ಅಂಗಳಕ್ಕೆ ಹಾರಿತು. ಈರಭದ್ರಪ್ಪ ಬಣ್ಣದ ಹಂಡೆಗೆ ಕಾಲಿಟ್ಟು ಮೊಳಕಾಲವರೆಗೆ ನೀಲಿಯಾದ. ಬಿಳಿ ಮೀಸೆಯ ಮಲ್ಲೇಶಪ್ಪ ಚಾದರ ಬೀಸಿ ಚುಕ್ಕಿಯ ಬದಲು ತಮ್ಮನನ್ನೇ ಹಿಡಿದ. ಕೊನೆಗೆ ಚುಕ್ಕಿ, ಬಾಳೆಕಂಬ ಕಟ್ಟಿ ದಾಕ್ಷಾಯಣಿಗೆಂದು ಸಿಂಗರಿಸಿದ್ದ ಕುರ್ಚಿಯ ಮೇಲೆ ಹೋಗಿ ಘನತೆಯಿಂದ ಕೂತುಕೊಂಡಿತು. ಸೋಬಾನೆ ಹೇಳಲು ಬಂದಿದ್ದ ಹೆಂಗಸರಲ್ಲೊಬ್ಬಳು ಕಣ್ಣು ಸರಿಯಾಗಿ ಕಾಣದೆ ಅದಕ್ಕೇ ಆರತಿ ಎತ್ತಿದಳು!

ಬೀಗರ ರಿಕ್ಷಾ ಓಣಿಯ ತಿರುವಿನಲ್ಲಿ ಹಾರ್ನ್ ಹೊಡೆಯಿತು. ನೀಲಗಂಗವ್ವ ಚುಕ್ಕಿಯನ್ನು ಎರಡೂ ಕೈಯಲ್ಲಿ ಬಾಚಿ ಬುಟ್ಟಿಗೆ ತುರುಕಿದಳು, ಸೀರೆಯನ್ನು ಡಿಶ್ಶಿನ ಮೇಲೆ ಹಾಸಿದಳು. ಈರಭದ್ರಪ್ಪ ವೈರು ಅದಲು ಬದಲು ಮಾಡಿ ಸ್ವಿಚ್ಚು ಒತ್ತಿದ. ಮೂರು ಸೀಟಿ. ಹಸಿರು ಸರಸರನೆ ಹರಿದು ಬಂತು, ಅದರ ಹಿಂದೆ ಕೆಂಪು, ಎಲ್ಲಕ್ಕೂ ಕೊನೆಗೆ ಸೆರಗಿನ ತೆನಿ.

"ಬಂತು ವೈನಿ, ಬಂತು!" ಎಂದು ಕುಣಿದ ಈರಭದ್ರಪ್ಪ, ಬುಟ್ಟಿ ತೆರೆದವನೇ ತಣ್ಣಗಾದ. ಚುಕ್ಕಿ ಮೊದಲಿನಂತೆ ಚುಕ್ಕೆಬಿಳಿಯಾಗಿತ್ತು. ಆದರೆ ತಲೆ ನುಣ್ಣಗಿತ್ತು. ಜುಟ್ಟೇ ಇರಲಿಲ್ಲ!

ಜುಟ್ಟು ಎಲ್ಲಿ ಹೋಯಿತೆಂದು ವಿಚಾರಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ನೀಲಗಂಗವ್ವ ಅವಸರದಲ್ಲಿ ಮಗಳಿಗೆ ಸೀರೆ ಉಡಿಸಿ, ಕುರ್ಚಿಯ ಮೇಲೆ ಕೂಡಿಸಿದಳು. ಸೆರಗು ಎಂದಿನಂತೆ ಹೆಗಲ ಮೇಲೇ ಇತ್ತು. ರವಿಕೆ ಖಣದ ಗಂಟು ಹಿಡಿದು ಬಾಳವ್ವ ಹೊಸ್ತಿಲು ದಾಟಿದಳು.

ಸೆರಗು ಎದ್ದಿತು! ತಾನಾಗಿಯೇ ಹೆಗಲಿನಿಂದ ಎದ್ದು, ತಲೆ ಏರಿ, ಹಣೆಯವರೆಗೆ ಬಂದು ನೆಟ್ಟಗೆ ನಿಂತಿತು. ಎರಡೂ ಕೈ ಮಡಿಲಲ್ಲಿಟ್ಟುಕೊಂಡಿದ್ದ ದಾಕ್ಷಾಯಣಿ ಕಣ್ಣರಳಿಸಿ ಅವ್ವನನ್ನು ನೋಡಿದಳು. ಅವ್ವ ಈರಭದ್ರಪ್ಪನನ್ನು ನೋಡಿದಳು. ಈರಭದ್ರಪ್ಪ ಚುಕ್ಕಿಯ ಬೋಳು ತಲೆ ಸವರುತ್ತ ಸೂರು ನೋಡತೊಡಗಿದ.

ಬಾಳವ್ವನ ಹಿಂದೆ ಅವಳ ನಾದಿನಿ ಬಂದಳು, ಸೆರಗು ಇನ್ನೊಂದು ಗೇಣು ಎದ್ದಿತು. ಫೋಟೋ ತೆಗೆಯುವವನು ಬಂದ, ಮತ್ತೊಂದು ಗೇಣು!

"ಯವ್ವಾ, ಏನ್ ಮರ್ಯಾದಿ! ಕೈ ಹಚ್ಚದ ನಿಂತೈತಲ್ಲ ಸೆರಗು!" ಎಂದು ಬಾಳವ್ವ ಬೆರಗಾಗಿ ನೀಲಗಂಗವ್ವನ ಕೈ ಹಿಡಿದುಕೊಂಡಳು. "ನಾ ಅಂದದ್ದು ತಪ್ಪಾತ್ರಿ ಅಕ್ಕಾರ. ಇಂಥಾ ನೇಗಿ ನಾ ಎಲ್ಲೂ ನೋಡಿಲ್ಲ."

ಮೂರು ವರ್ಷದಿಂದ ಕಾದ ಮಾತು! ನೀಲಗಂಗವ್ವನ ಎದೆ ಹಗುರಾಯಿತು, ಕಣ್ಣು ತುಂಬಿ ಬಂತು. ಹೊಗಳಿಕೆಯಲ್ಲಿ ಕೋಳಿಯ ಪಾಲೆಷ್ಟು, ತನ್ನ ಪಾಲೆಷ್ಟು ಎಂದು ಆ ಹೊತ್ತಿಗೆ ಲೆಕ್ಕ ಹಾಕಲು ಅವಳು ಸಿದ್ಧಳಿರಲಿಲ್ಲ.

ಬಾಳವ್ವ ಅಕ್ಕಿ, ಎಲೆ, ಅಡಿಕೆ, ತೆಂಗಿನಕಾಯಿ ಇಟ್ಟು ಸೊಸೆಯ ಉಡಿ ತುಂಬಿದಳು. ಊಟ ಮುಗಿಯಿತು. ಉಡಿ ಬಿಚ್ಚಿಡಲು ಒಳಗೆ ಹೋದ ದಾಕ್ಷಾಯಣಿ ಅವ್ವನನ್ನು ಕರೆದು ಪಿಸುಗುಟ್ಟಿದಳು. "ಯವ್ವಾ, ಸೀರಿ ಕಾಯಿ ಬಿಡವಲ್ದು!"

ನೀಲಗಂಗವ್ವ ಕೈ ಹಾಕಿ ನೋಡಿದಳು. ಸೀರೆಯ ನೆರಿಗೆಗಳು ಕಾಯಿಯನ್ನು ಸುತ್ತಲೂ ಅವುಚಿ ಹಿಡಿದಿದ್ದವು. ಎಳೆದರೆ ಉಬ್ಬಿ ಇನ್ನಷ್ಟು ಬಿಗಿಯುತ್ತಿದ್ದವು. ಒಳಗೆ ಬೆಚ್ಚಗಿತ್ತು. ಅವಳು ಮೆಲ್ಲಗೆ ಕೈ ತೆಗೆದು, ಮಗಳಿಗೆ ಬೇರೆ ಸೀರೆ ಉಡಿಸಿ, ಕಾಯಿ ಸಮೇತ ಹಸಿರು ಸೀರೆಯನ್ನು ಬುಟ್ಟಿಯಲ್ಲಿಟ್ಟು ತಂದು ಬಾಳವ್ವನ ಕೈಗೆ ಕೊಟ್ಟಳು.

"ಉಡಿ ಕಾಯಿ ಒಡದು ನಾಳೆ ಪಾಯಸ ಮಾಡ್ತೀನ್ರಿ" ಎಂದಳು ಬಾಳವ್ವ.

"ಬ್ಯಾಡ್ರಿ ಅಕ್ಕಾರ" ಎಂದಳು ನೀಲಗಂಗವ್ವ. "ಇಪ್ಪತ್ತೊಂದು ದಿನಾ ಹಂಗ ಇರ್ಲಿ. ಆಮ್ಯಾಲ ಒಳಗಿಂದ ಏನರ ಕುಕ್ಕಿದ್ರ, ನಮ್ಮ ಈರಭದ್ರಪ್ಪಗ ಒಂದು ಫೋನ್ ಮಾಡ್ರಿ."