ಓಡಿದವಗ ಬಿಟ್ಟಿ ಪೆಟ್ಟು

ನಾವು ಆಡಾಕ ಕುಂತ್ರ ಜಗಳ ಬರೂದು, ಜಗಳದಾಗ ನಗಿ ಬರೂದು ತಪ್ಪಿದ್ದಲ್ಲ. ಬನಹಟ್ಟಿಯ ನೇಕಾರ ದೋಸ್ತನ ಮನ್ಯಾಗ ರವಿವಾರಕ್ಕೊಮ್ಮೆ ನಾಲ್ಕು ಮಂದಿ ಕಥಿ ಆಟ ಆಡಾಕ ಕೂಡ್ತಿದ್ವಿ. ನಾ ಕಥಿ ಹೇಳಾಂವ; ಕಥಿಯೊಳಗಿನ ಕಳ್ಳರು, ರಾಕ್ಷಸರು ಎಲ್ಲಾ ನಾನ. ವೀರರಾಗಿ ಆಡಾವ್ರು ಮೂವರು: ನೇಕಾರ, ತಿಮ್ಮಾಪುರದ ಕಡಿಂದ ಬರೂ ನಾಯಿ ಸಾಕೂ ದೋಸ್ತ, ಚಿಮ್ಮಡದ ಸಾಲಿ ಅಕ್ಕೋರು. ಹೊಡೆತ ತಾಗಿತೋ ತಪ್ಪಿತೋ ಅನ್ನೂದನ್ನ ಇಪ್ಪತ್ತು ಮುಖದ ದಾಳ ಹೇಳತೈತಿ; ದೊಡ್ಡ ಅಂಕಿ ಬಿದ್ರ ತಾಗಿದಂಗ. ಬಾಜೂಕ ವೈರಿ ನಿಂತಾಗ ಬೆನ್ನು ತೋರಿಸಿ ಓಡಿದ್ರ ಆ ವೈರಿ ಒಂದು ಬಿಟ್ಟಿ ಪೆಟ್ಟು ಹೊಡೀಬಹುದು. ಇದು ಆಟದ ಕಾಯ್ದೆ.

ಅಷ್ಟರಾಗ ಅಕ್ಕೋರಿಗೆ ರಾಯಚೂರ ಕಡೆ ವರ್ಗ ಆತು. ಅವರು ಹೋಗೂದ್ರಾಗ ಕಳ್ಳರ ದೊರಿ ಸಾಯಬೇಕು, ಕಥಿ ಮುಗೀಬೇಕು ಅಂತ ಹಟ ಹಿಡದ್ವಿ. ಮುಗೀಲಿಲ್ಲ. ಆ ಸಂಕಟ ನನಗ ಇನ್ನೂ ಐತಿ.

ನಾಯಿ ಬುದ್ಧಿ

ಒಮ್ಮೆ ಕಳ್ಳನೊಬ್ಬ ಓಡಿದ. ನಾಯಿ ಸಾಕೂ ದೋಸ್ತ ಎದ್ದು ನಿಂತ. "ಬೆನ್ನು ಹತ್ತತೇನಿ!"

"ಲೇ, ನಿನ್ನ ಸುತ್ತ ಇನ್ನೂ ಕಳ್ಳರದಾರ. ನೀ ಓಡಿದ್ರ ಬಿಟ್ಟಿ ಪೆಟ್ಟು ನಿನಗ ಬೀಳ್ತಾವು," ಅಂದೆ.

"ಬೀಳ್ಲಿ ಬಿಡಲೇ! ಓಡೂದನ್ನ ನೋಡಿ ಸುಮ್ನ ನಿಂದರಾಕ ನಾ ಏನ್ ಕುರಿ ಏನು?"

ಓಡಿದ. ಎಲ್ಲಾ ಕಳ್ಳರೂ ಹೊಡದ್ರು, ವೀರ ಸತ್ತ. ಪಾಪ, ಮಗನಂಗ ಬೆಳೆಸಿದ ವೀರ. ದೋಸ್ತ ಸಪ್ಪ ಮಾರಿ ಮಾಡಿ ಕುಂತ. ಹೊಸ ವೀರನ್ನ ಮಾಡೂದ್ರಾಗ ಆ ರವಿವಾರ ಮುಗೀತು.

"ಹೊಸಬಗ ಏನು ಕೊಡೂಣು, ಖಡ್ಗನೋ ಭರ್ಚಿನೋ?" ಅಂತ ಕೇಳಿದೆ.

"ಎರಡೂ ಬ್ಯಾಡ. ಅವಗೊಂದು ನಾಯಿ ಕೊಡು. ಓಡೂದೆಲ್ಲಾ ಅದು ನೋಡ್ಕೊಂತೈತಿ."

ರಾಕ್ಷಸನ ಮರ್ಯಾದಿ

ಮುಂದಿನ ವಾರ ನೇಕಾರನ ವೀರ ದೊರಿಯ ಬಾಗಿಲು ಕಾಯೂ ರಾಕ್ಷಸನ ಕೈಗೆ ಸಿಕ್ಕ. ಇನ್ನೊಂದು ಪೆಟ್ಟು ಬಿದ್ರ ಮುಗೀತು.

"ನಾ ಹೊಂಟೆ," ಅಂದ. ರಾಕ್ಷಸನಾಗಿದ್ದ ನಾ ಬಿಟ್ಟಿ ಪೆಟ್ಟಿಗೆ ದಾಳ ಎತ್ತಿದೆ. ಅಂವಾ ಹತ್ತೂರಿಗೆ ಸೀರಿ ಮಾರಿದ ಮನಷ್ಯಾ. ಎದ್ದು ಕೈ ಮುಗದು, "ಬರ್ತೇನ್ರಿ ಹಂಗಾರ," ಅಂದ.

ನನ್ನ ಬಾಯಿ ಸುಮ್ನಿರಬೇಕಲ್ಲ! "ಹೂಂ ಬರ್ರಿ. ಚಾ ಕುಡದು ಹೋಗಬೇಕಿತ್ತು," ಅಂದುಬಿಟ್ಟೆ.

ಅಕ್ಕೋರು ಬಿಡಲಿಲ್ಲ. "ಕೆಳಗಿಡ್ರಿ ದಾಳ! ಬರ್ರಿ ಅಂತ ಕಳಿಸಿ ಬೆನ್ನಿಗೆ ಹೊಡಿಯೂದು ಯಾವ ಮನಿ ರೀತಿರಿ?"

"ನಾ ರಾಕ್ಷಸರೀ!"

"ರಾಕ್ಷಸ ಆದ್ರೇನಾತು? ಬನಹಟ್ಟಿ ರಾಕ್ಷಸ ಹೌದಲ್ರೀ?"

ಕಡೀ ರವಿವಾರ

ಮರುದಿನ ಅಕ್ಕೋರ ಬಸ್ಸು. ದೊರಿ ಅಂತೂ ಸಿಕ್ಕ. ಮೂವರೂ ಸುತ್ತುಗಟ್ಟಿ ಬಡದ್ರು. ಜೀವ ಕುತ್ತಿಗಿಗೆ ಬಂದಾಗ ದೊರಿ ಬೆನ್ನು ತಿರುವಿ ಓಡಿದ. ಮೂರು ಬಿಟ್ಟಿ ಪೆಟ್ಟು! ಒಂದು ತಾಗಿದ್ರ ಸಾಕು, ಕಥಿ ಮುಗೀತು.

ನಾಯಿ ದೋಸ್ತ ತನ್ನ ದಾಳ ಒಗದು, ಅದರ ಮ್ಯಾಲ ಗಪ್ಪನ ಅಂಗೈ ಇಟ್ಟ. "ತಪ್ಪಿತು." ನೇಕಾರನೂ ತನ್ನ ದಾಳ ಒಗದ, ಮುಚ್ಚಿದ. "ನಂದೂ ತಪ್ಪಿತು."

ಉಳದವ್ರು ಅಕ್ಕೋರು. ದಾಳ ಪಲ್ಲಂಗದ ಕೆಳಗ ಬಿದ್ರೂ ಬಗ್ಗಿ ನೋಡಿ ಖರೆ ಹೇಳೂ ಹೆಣ್ಮಗಳು. ಒಗದ್ರು. ದಾಳ ಉರುಳಿ ನನ್ನ ಮುಂದ ನಿಂತಿತು: ಇಪ್ಪತ್ತು. ಅದಕ್ಕಿಂತ ದೊಡ್ಡ ಪೆಟ್ಟು ಇಲ್ಲ.

ಅಕ್ಕೋರು ಅದರ ಮ್ಯಾಲ ಕೈ ಮುಚ್ಚಿದ್ರು. "ಒಂದು ಬಿತ್ರಿ. ತಪ್ಪಿತು."

"ಅಕ್ಕೋರ, ಕೈ ತಗೀರಿ."

"ತಗಿಯೂದಿಲ್ಲ. ದೊರಿ ಓಡಿಹ್ವಾದ. ದೀಪಾವಳಿ ಸೂಟಿಗೆ ಬಂದು ಹಿಡೀತೇನಿ. ಅಲ್ಲೀತನಕ ಯಾರೂ ಅವನ್ನ ಮುಟ್ಟಬ್ಯಾಡ್ರಿ."

ಉಳಿದಿಬ್ಬರನ್ನ ನೋಡಿದೆ. ಅವರೂ ಕೈ ತಗೀವಲ್ಲರು.

ಅಷ್ಟೊತ್ತಿಗೆ ನೇಕಾರನ ಅವ್ವ ಚಾ ತಂದ್ಲು. ಮೂರು ಎಡಗೈ ಮುಂದ ಬಂದ್ವು.

"ಅಯ್ಯ ಶಿವನ! ಎಡಗೈಲೆ ಚಾ ತೊಗೊಂತಾರೇನ್ರೋ?" ಅಂತ ಬೈದ ಅವ್ವ, ಅಕ್ಕೋರ ಕಡೆ ತಿರುಗಿದ್ಲು. "ಈ ಹುಡುಗ್ರಿಗಂತೂ ಬುದ್ಧಿ ಇಲ್ಲ. ಸಾಲಿ ಕಲಿಸಾವ್ರು, ನಿಮಗೇನಾತ್ರಿ?"