ಶಟರ್ ತೆರೆದೇ ಇರಲಿ

ಪಾಸ್‌ಪೋರ್ಟಣ್ಣನಿಗೆ ಕತ್ತಲೆಯಲ್ಲಿ ಫೋಟೊ ತೆಗೆದ ಅನುಭವ ಇರಲಿಲ್ಲ. ಅವನ ಸ್ಟುಡಿಯೊಗೆ ಬರುವವರೆಲ್ಲ ನೀಲಿ ಪರದೆಯ ಮುಂದೆ ಕೂತು, ಲೈಟಿಗೆ ಕಣ್ಣು ಪಿಳಿಪಿಳಿ ಬಿಟ್ಟು ಎದ್ದುಹೋಗುವವರು. ಅವನಿಗೆ ಆ ಹೆಸರು ಬಂದದ್ದೂ ಹಾಗೆಯೇ. ಈಗ ಶಾಲೆಯ ಹೆಡ್‌ಮಿಸ್ ನಕ್ಷತ್ರ ತುಂಬಿದ ಆಕಾಶದ ಫೋಟೊ ಕೇಳಿದ್ದರು. ಬೆಳಿಗ್ಗೆ ಅದು ಅವರ ಕೈಸೇರಿದರೆ ಇಡೀ ಶಾಲೆಯ ಗ್ರೂಪ್ ಫೋಟೊ ಅವನದು. ಇಲ್ಲದಿದ್ದರೆ ಎದುರು ಬೀದಿಯ ಸ್ಟುಡಿಯೊದವನದು.

ಕತ್ತಲಾದ ಮೇಲೆ ಮನೆಯ ತಾರಸಿ ಹತ್ತಿದ. ಪಕ್ಕದ ಮನೆಯ ದರ್ಜಿ ಕರೆಯದೆಯೇ ಹಾಜರಾದ.

“ಐಎಸ್‌ಒ ಏರಿಸು ಮಾರಾಯ.”

“ನಿಂಗೇನೋ ಗೊತ್ತು ಐಎಸ್‌ಒ?”

“ಗೊತ್ತಿಲ್ದೆ ಏನು? ನನ್ನ ಹೊಲಿಗೆ ಮಷಿನ್ನಿನ ಡಬ್ಬದ ಮೇಲೇ ಬರೆದಿದೆ. ಜಾಸ್ತಿ ಇದ್ದಷ್ಟೂ ಒಳ್ಳೇದು.”

ಏರಿಸಿದ. ಕ್ಯಾಮೆರಾ ಬೆಳಕನ್ನೇನೋ ಹೆಚ್ಚು ಹೀರಿತು, ಆದರೆ ಆಕಾಶದ ತುಂಬಾ ರವೆ ಚೆಲ್ಲಿದ ಹಾಗೆ ಚುಕ್ಕೆ. ಯಾವುದು ನಕ್ಷತ್ರ, ಯಾವುದು ಐಎಸ್‌ಒ ಎಂದು ತಿಳಿಯದೆ ಇಬ್ಬರೂ ತಲೆ ಕೆರೆದುಕೊಂಡರು. ಕ್ಯಾಮೆರಾದ ಶಟರ್ ಒಂದು ಸೆಕೆಂಡು ತೆರೆದರೆ ಕರಿಹಲಗೆ, ಎರಡು ನಿಮಿಷ ತೆರೆದರೆ ಸುಣ್ಣದ ಗೋಡೆ.

“ಇಲ್ಲಿ ಬೀದಿದೀಪದ ಕಾಟ. ನೀರಿನ ಟ್ಯಾಂಕಿನ ದಿಬ್ಬಕ್ಕೆ ಹೋಗು” ಎಂದು ದರ್ಜಿ ಆಕಳಿಸುತ್ತಾ ಇಳಿದ.

ದಿಬ್ಬದಲ್ಲಿ ಕತ್ತಲೆಗೇನೂ ಬರವಿರಲಿಲ್ಲ. ಆದರೆ ಕೆಳಗೆ, ಮುಚ್ಚಿದ ಅಂಗಡಿಗಳ ಸಾಲಿನಲ್ಲಿ ಒಂದೇ ಒಂದು ದೀಪ ಹಠಮಾರಿ ಮಗುವಿನಂತೆ ಫೋಟೊದೊಳಗೆ ಮೂತಿ ತೂರಿಸುತ್ತಿತ್ತು. ಅದು ಅವನದೇ ಸ್ಟುಡಿಯೊದ ಬೋರ್ಡು. ಅಂಗಡಿಯಲ್ಲಿ ಕೂರಿಸಿ ಬಂದಿದ್ದ ಭಾವಮೈದನಿಗೆ ಫೋನ್ ಮಾಡಿದ.

“ಲೈಟೆಲ್ಲ ಆರಿಸೋ!”

“ಆರಿಸ್ದೆ ಭಾವ. ಶಟರ್ ಮುಚ್ಚೋದಾ?”

ಪಾಸ್‌ಪೋರ್ಟಣ್ಣನ ತಲೆಯಲ್ಲಿ ಆಗ ಇದ್ದದ್ದು ಒಂದೇ ಶಟರ್. ಈ ಸೋಮಾರಿಗೂ ಕಸುಬಿನ ಆಸೆ ಹುಟ್ಟಿತಲ್ಲ ಎಂದು ಹಿಗ್ಗಿದ.

“ಮುಚ್ಚಿದ್ರೆ ಕೆಟ್ಟೆ! ತೆರೆದೇ ಇರ್ಬೇಕು.”

“ಪಕ್ಕದಲ್ಲಿ ಯಾರಾದ್ರೂ ಇರ್ಬೇಕಲ್ವಾ?”

“ಯಾರೂ ಸುಳೀಬಾರ್ದು ಕಣೋ. ಹೆಜ್ಜೆ ಇಟ್ರೂ ಅಲುಗಾಡುತ್ತೆ.”

“ನೀವು ಹೇಳಿದ್ಮೇಲೆ ಆಯ್ತು ಬಿಡಿ. ನಾನು ಮನೆಗೆ ಹೋಗ್ತೀನಿ.”

ತಿಣುಕಿ ತಿಣುಕಿ, ಕೊನೆಗೆ ಇಪ್ಪತ್ತು ಸೆಕೆಂಡಿಗೆ ಆಕಾಶ ಒಲಿಯಿತು. ಸೂಜಿ ಚುಚ್ಚಿದಷ್ಟು ಚೊಕ್ಕ ನಕ್ಷತ್ರಗಳು. ಜೊತೆಗೆ ಅಂಗಡಿಗಳ ಕಪ್ಪು ಸಾಲಿನಲ್ಲಿ ಬಳುಕುವ ಹೊಳೆಹೊಳೆಯುವ ಗೆರೆಯೊಂದು. “ಉಲ್ಕೆ!” ಎಂದು ಕುಣಿದ. ಉಲ್ಕೆ ಆಕಾಶ ಬಿಟ್ಟು ಪೇಟೆಗೆ ಯಾಕೆ ಬಂತು ಎಂದು ಕೇಳಲು ದರ್ಜಿಯೂ ಅಲ್ಲಿರಲಿಲ್ಲ.

ಬೆಳಗಾಗುತ್ತಲೇ ಇಳಿದು ಬಂದರೆ ಅಂಗಡಿಯ ಮುಂದೆ ಜನವೋ ಜನ. ಒಳಗೆ ಬರಿಗೋಡೆ.

“ಶಟರ್ ತೆರೆದಿಡು ಅಂದೋರು ನೀವೇ ಅಲ್ವಾ ಭಾವ?” ಎಂದು ಭಾವಮೈದ ಅಳುಮೋರೆ ಹಾಕಿದ.

ಪೊಲೀಸಿನವನು ಕ್ಯಾಮೆರಾ ಇಸಿದುಕೊಂಡು ನೋಡಿದ. “ಇದು ಟಾರ್ಚಿನ ಗೆರೆ ಕಣ್ರೀ. ನಿಮ್ಮ ಅಂಗಡಿ ಬಾಗಿಲಿಂದಲೇ ಹೊರಟಿದೆ. ಕಳ್ಳನ್ನೇ ಹಿಡಿದಿದ್ದೀರಲ್ಲ! ಮುಖ ಎಲ್ಲಿ?”

“ಅಷ್ಟು ಹೊತ್ತು ತೆರೆದಿಟ್ರೆ ನಡೆಯೋರು ಮೂಡಲ್ಲ ಸಾರ್. ಬೆಳಕು ಮಾತ್ರ ಮೂಡುತ್ತೆ.”

“ಮೂಡದಿದ್ರೂ ಸಾಕ್ಷಿ ಸಾಕ್ಷಿಯೇ. ಠಾಣೇಲಿರ್ಲಿ” ಎಂದು ಅವನು ಕ್ಯಾಮೆರಾ ಹೆಗಲಿಗೇರಿಸಿ ಹೊರಟ.

ಒಟ್ಟು ಹೋದದ್ದು ಎರಡು ಲೈಟು, ಒಂದು ಪ್ರಿಂಟರು, ಒಂದು ನೀಲಿ ಪರದೆ, ಒಂದು ಕ್ಯಾಮೆರಾ, ಒಂದು ಶಾಲೆ.