ಸ್ನಾನದವರಿಗೊಂದು ಮರೆ

ಇಡೀ ಲ್ಯಾವಿಂಗ್ಟನ್ ಬಡಾವಣೆಯಲ್ಲಿ ಗೋಡೆಯ ಚಿತ್ರಕ್ಕೆ ಬಟ್ಟೆ ತೊಡಿಸಿ, ಅದನ್ನು ವಾರವಾರವೂ ಒಗೆದು ಇಸ್ತ್ರಿ ಮಾಡಿದವರು ನಮ್ಮ ಚಿಕ್ಕಮ್ಮ ಒಬ್ಬರೇ ಇರಬೇಕು.

ಔಷಧಿ ಕಂಪನಿಯಲ್ಲಿ ನಮ್ಮವರ ಜೊತೆಗಿದ್ದ ಫ್ರೆಂಚರೊಬ್ಬರು ಊರಿಗೆ ಮರಳುವಾಗ ಕೊಟ್ಟುಹೋದ ಪ್ರಿಂಟು ಅದು. ಬಾಗಿದ ಮರಗಳು, ನೀಲಿ ನೀರು, ದಡದಲ್ಲಿ ಬಟ್ಟೆಯಿಲ್ಲದೆ ಮೀಯುವ ಹೆಂಗಸರು. ಟಿವಿಯ ಮೇಲುಗಡೆ ಮೊಳೆಯೊಂದು ಮೊದಲೇ ಇತ್ತು, ಅಲ್ಲೇ ತೂಗುಹಾಕಿದೆವು. ಕಾನ್ವೆಂಟಿನಲ್ಲಿ ಓದಿದ ನಾನು ಅದರಲ್ಲಿ ನೀರನ್ನಷ್ಟೇ ನೋಡುತ್ತಿದ್ದೆ.

ಮೈಸೂರಿನಿಂದ ಬಂದ ಚಿಕ್ಕಮ್ಮ ಚಿತ್ರದಲ್ಲಿದ್ದ ಎಲ್ಲರನ್ನೂ ನೋಡಿದರು. ಮಾರನೆಯ ದಿನವೇ, ಇಲ್ಲಿನ ಆಫ್ರಿಕನ್ ಹೆಂಗಸರು ಸೊಂಟಕ್ಕೆ ಸುತ್ತುವ ಹೂವಿನ ಕಾಂಗಾ ಒಂದನ್ನು ತಂದು ಪರದೆ ಹಾಕಿದರು. ಮಡಿವಂತಿಕೆ ಎಂದುಕೊಂಡಿರಾ? "ಸ್ನಾನ ಮಾಡೋರಿಗೆ ಮರೆ ಬೇಡ್ವೇನೇ?" ಎಂಬುದು ಅವರ ವಾದ. ನಾವು ಹೆಂಗಸರೇ ಇರುವಾಗ ಪರದೆ ಸರಿಯುತ್ತಿತ್ತು. ಗೇಟಿನಲ್ಲಿ ನಮ್ಮವರ ಹಾರ್ನ್ ಕೇಳಿದರೆ ಇಳಿಯುತ್ತಿತ್ತು, ಜೊತೆಗೆ ಟಿವಿಯೂ ಮುಚ್ಚಿಹೋಗುತ್ತಿತ್ತು.

"ಚಿಕ್ಕಮ್ಮ, ಇವರ ಸ್ನಾನ ಮುಗೀತಾ? ನ್ಯೂಸ್ ನೋಡ್ಬೇಕಿತ್ತು," ಎನ್ನುತ್ತಿದ್ದರು ನಮ್ಮವರು.

"ಇನ್ನೂ ಇಲ್ಲಪ್ಪ. ನೀರು ಈಗ ತಾನೆ ಕಾದಿದೆ."

ಮಗಳು, "ಅಜ್ಜಿ, ಇಟ್ಸ್ ಆರ್ಟ್," ಎಂದಳು.

"ಆರ್ಟ್ ಆದ್ರೆ ನೆಗಡಿ ಆಗಲ್ವಾ?"

ನಗುತ್ತಿದ್ದ ನನಗೆ ಒಳಗೊಳಗೇ ಒಂದು ಕೊರಗು. ಹಿಂದಿನ ವರ್ಷ ಕ್ಯಾನ್ಸರ್ ಆಪರೇಷನ್ನಿನಲ್ಲಿ ಚಿಕ್ಕಮ್ಮನ ಎಡಗಡೆಯ ಸ್ತನ ತೆಗೆದಿದ್ದರು. ಆ ಕಡೆಯ ಕೈ ಮೇಲೇಳುತ್ತಿರಲಿಲ್ಲ. ಆದರೂ ಬಾತ್‌ರೂಮಿನ ಚಿಲಕ ಹಾಕಿದರೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಹಬ್ಬಹಬ್ಬಕ್ಕೂ ನನ್ನನ್ನು ಮಣೆಯ ಮೇಲೆ ಕೂರಿಸಿ ಎಣ್ಣೆ ತಿಕ್ಕಿದವರು, ಈಗ ನಾನು "ಬೆನ್ನು ಉಜ್ಜಲಾ?" ಎಂದರೆ "ನಿನ್ನ ಸಾರು ಉಕ್ತಿದೆ ನೋಡು" ಎನ್ನುತ್ತಿದ್ದರು. ಒಲೆಯ ಮೇಲೆ ಸಾರೇ ಇರುತ್ತಿರಲಿಲ್ಲ.

ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆ ಬಿಸಿ ಮಾಡಿ ತಂದೆ. ಚಿಕ್ಕಮ್ಮ ಪರದೆ ಸರಿಸಿ ಚಿತ್ರದ ಮುಂದೆ ನಿಂತಿದ್ದರು.

"ಬಾರೇ ಇಲ್ಲಿ. ಮರಕ್ಕೆ ಒರಗಿದಾಳಲ್ಲ, ಇವಳನ್ನ ನೋಡು."

ಮೊದಲ ಸಲ ಸರಿಯಾಗಿ ನೋಡಿದೆ. ಕಲಾವಿದ ಅವಳ ಎದೆಯ ಒಂದು ಪಕ್ಕವನ್ನು ಚಪ್ಪಟೆಯಾಗಿ ಹಾಗೇ ಬಿಟ್ಟಿದ್ದ.

"ಬರೆಯೋನು ಮರೆತನೋ ಏನೋ," ಎಂದೆ.

"ಮರೆತಿದ್ರೆ ಮರೀಲಿ. ಉಳಿದೋರು ಯಾರಾದ್ರೂ ಅವಳನ್ನ ದಿಟ್ಟಿಸ್ತಿದಾರಾ?"

"ಇಲ್ಲ ಚಿಕ್ಕಮ್ಮ. ಅವರವರ ಸ್ನಾನ ಅವರವರಿಗೆ."

"ಹೂಂ," ಎಂದು ಬಾತ್‌ರೂಮಿಗೆ ಹೋದರು. ನಾನು ಬಟ್ಟಲು ಹಿಡಿದು ನಿಂತೆ. ಚಿಲಕದ ಸದ್ದು ಬರಲಿಲ್ಲ.

"ಎಣ್ಣೆ ಆರಿಹೋಗುತ್ತೆ ಕಣೇ, ಬಾ."

ಒಳಗೆ ಹೋಗಿ ಅವರ ಬೆನ್ನಿಗೆ ಎಣ್ಣೆ ತಿಕ್ಕತೊಡಗಿದೆ. ಹಾಲ್‌ನಲ್ಲಿ ಪರದೆ ಸರಿದದ್ದನ್ನು ಕಂಡ ನಮ್ಮವರು, "ಸ್ನಾನ ಮುಗೀತಾ ಚಿಕ್ಕಮ್ಮ?" ಎಂದು ಕೂಗಿದರು.

"ಇನ್ನೂ ಇಲ್ಲಪ್ಪ," ಎಂದರು ಚಿಕ್ಕಮ್ಮ. "ನೀರು ಈಗ ತಾನೆ ಕಾದಿದೆ."